ಭಜನಾ ಮೇಳದ ಹಾಡು ಮಾಸ್ಟರಿಂಗ್‌ಗೆ ಅರ್ಹವಾಗಲು ಏನಿರಬೇಕು?

ನಿಮ್ಮ ಪ್ರಶ್ನೆ ಇದು: ಸಿಂಧನೂರಿನ ಹತ್ತಿರದ ಹಳ್ಳಿಯ ಭಜನಾ ಮೇಳದವರಾದ ನೀವು ಕೆಲವು ತತ್ವಪದಗಳನ್ನು ರೆಕಾರ್ಡ್ ಮಾಡಿ ಆನ್‌ಲೈನ್ ಸಂಗೀತ ವೇದಿಕೆಗೆ ಏರಿಸಿದ್ದೀರಿ. ಒಂದು ಹಾಡಿಗೆ ಮಾಸ್ಟರಿಂಗ್ (ಮುಗಿದ ಹಾಡಿನ ಒಟ್ಟು ಧ್ವನಿಯನ್ನು ಕೊನೆಗೆ ಹದಗೊಳಿಸುವ ಕೆಲಸ) ಮಾಡಿಸಿಕೊಳ್ಳುವ ಅವಕಾಶ ಸಿಕ್ಕಿತು, ಉಳಿದವಕ್ಕೆ ‘ಅರ್ಹವಲ್ಲ’ ಎಂದು ಬಂತು. ಹಾಡಿದ್ದರಲ್ಲೇ ದೋಷವಿದೆಯೇ ಎಂದು ಮೇಳದ ಹಿರಿಯರು ಕೇಳುತ್ತಿದ್ದಾರೆ.

ಹಾಡಿದ್ದರಲ್ಲಿ ದೋಷವಿಲ್ಲ. ಮೊದಲು ಹಿರಿಯರಿಗೆ ಅದನ್ನು ಹೇಳಿ ಸಮಾಧಾನ ಮಾಡಿ. ಇಂಥ ವೇದಿಕೆಗಳ ತಂತ್ರಾಂಶ ಶ್ರುತಿಯನ್ನಾಗಲಿ ಭಾವವನ್ನಾಗಲಿ ಅಳೆದು ಅರ್ಹತೆ ಕೊಡುವುದಿಲ್ಲ. ಕಡತ ಯಾವ ಸ್ವರೂಪದಲ್ಲಿದೆ, ಹಾಡು ಎಷ್ಟು ಉದ್ದವಿದೆ, ಖಾತೆಗೆ ಚಂದಾ ಕಟ್ಟಿದ್ದೀರಾ, ಹಕ್ಕಿನ ತಕರಾರು ಇದೆಯೇ ಎಂಬುದನ್ನಷ್ಟೇ ನೋಡುತ್ತದೆ. ನಾನು ಬಳ್ಳಾರಿಯಲ್ಲಿ ಭಜನೆ, ಬಯಲಾಟದ ಪದಗಳನ್ನು ರೆಕಾರ್ಡ್ ಮಾಡಿಕೊಡುತ್ತೇನೆ. ನನ್ನ ಬಳಿ ಬರುವವರ ತೊಡಕು ಹೆಚ್ಚಾಗಿ ಕಡತದ್ದೇ ಆಗಿರುತ್ತದೆ, ನಿಮ್ಮದೂ ಅದೇ ಇರಬೇಕು.

ಒಬ್ಬರ ಮೊಬೈಲಿನಲ್ಲಿ ರೆಕಾರ್ಡ್ ಆಗಿ, ವಾಟ್ಸ್‌ಆ್ಯಪ್ ಮೂಲಕ ಇನ್ನೊಬ್ಬರಿಗೆ ಹೋಗಿ, ಅಲ್ಲಿಂದ ಎಂಪಿ3 ಆಗಿ ಏರಿದ ಹಾಡು ಮಾಸ್ಟರಿಂಗ್‌ಗೆ ಸಲ್ಲುವುದಿಲ್ಲ. ಎಂಪಿ3 ಮಾಡುವಾಗ ಕಡತ ಚಿಕ್ಕದಾಗಲೆಂದು ಧ್ವನಿಯ ಒಂದಷ್ಟು ಅಂಶವನ್ನು ಶಾಶ್ವತವಾಗಿ ಬಿಸಾಡಲಾಗುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ಗೆ (128 ಕೆಬಿಪಿಎಸ್) ಇಳಿಸಿದ ಎಂಪಿ3ಯಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸ್‌ಗಿಂತ ಮೇಲಿನ ಅತಿ ತಾರದ ಧ್ವನಿ ಹೊರಟುಹೋಗುತ್ತದೆ, ಅಂದರೆ ತಾಳದ ಮಿಂಚಿನ ಒಂದಷ್ಟು ಭಾಗ. ಆದ್ದರಿಂದಲೇ ಮಾಸ್ಟರಿಂಗ್‌ಗೆ ವೇವ್, ಎಐಎಫ್‌ಎಫ್ ಅಥವಾ ಫ್ಲ್ಯಾಕ್ ಸ್ವರೂಪದ ಕಡತ ಕೇಳುತ್ತಾರೆ. ಇವುಗಳಲ್ಲಿ ರೆಕಾರ್ಡ್ ಆದ ಧ್ವನಿ ನಷ್ಟವಾಗದೆ ಉಳಿಯುತ್ತದೆ. ಕಲಾವಿದರು ತಮ್ಮ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಹಾಡು ಏರಿಸುವುದಕ್ಕೇ ಈ ಮೂರರಲ್ಲಿ ಒಂದು ಬೇಕು. ಆ್ಯಪಲ್ ತನ್ನ ‘ಡಿಜಿಟಲ್ ಮಾಸ್ಟರ್ಸ್’ ಗುರುತು ಕೊಡಲು 24 ಬಿಟ್‌ನ (ಧ್ವನಿಯ ಸೂಕ್ಷ್ಮ ಏರಿಳಿತವನ್ನೂ ಹಿಡಿದಿಡುವ) ಮೂಲ ಕಡತ ಕೇಳುತ್ತದೆ, ಅದನ್ನು ಆ್ಯಪಲ್ ಮಾನ್ಯ ಮಾಡಿದ ಮಾಸ್ಟರಿಂಗ್ ಸ್ಟುಡಿಯೋ ಸಿದ್ಧಪಡಿಸಿರಬೇಕು.

ಎಂಪಿ3 ಅನ್ನು ವೇವ್ ಆಗಿ ಬದಲಿಸಿ ಏರಿಸಿದರಾಯಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಾಗಿಲಲ್ಲಿ ತಡೆಯದೆ ಬಿಟ್ಟರೂ ಹೋದ ಧ್ವನಿ ಮರಳಿ ಬರುವುದಿಲ್ಲ. ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನುಚ್ಚನ್ನು ಸೋನಾ ಮಸೂರಿಯ ಚೀಲಕ್ಕೆ ತುಂಬಿದ ಮಾತ್ರಕ್ಕೆ ಅಕ್ಕಿ ಆಗುವುದಿಲ್ಲ.

ಆದ್ದರಿಂದ ಮೂಲ ಕಡತ ಯಾರ ಬಳಿ ಇದೆಯೋ ಅವರಿಂದಲೇ ತರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಹಾಗೆ ಕಳಿಸಿದರೆ ಕಡತ ಇದ್ದ ಹಾಗೆಯೇ ಬರುತ್ತದೆ. ಮುಂದಿನ ಸಲ ರೆಕಾರ್ಡ್ ಮಾಡುವ ಮುಂಚೆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವೇವ್ ಆರಿಸಿ, 24 ಬಿಟ್ ಇದ್ದರೆ ಅದನ್ನೇ ಇಟ್ಟುಕೊಳ್ಳಿ. 24 ಬಿಟ್, 44.1 ಕಿಲೋಹರ್ಟ್ಸ್‌ನ (ಸೆಕೆಂಡಿಗೆ 44,100 ಸಲ ಧ್ವನಿ ಅಳೆಯುವ) ಸ್ಟೀರಿಯೋಗೆ ನಿಮಿಷಕ್ಕೆ ಸುಮಾರು 16 ಎಂಬಿ ಜಾಗ ಹಿಡಿಯುತ್ತದೆ, ಮೊಬೈಲಿನಲ್ಲಿ ಅಷ್ಟು ಖಾಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ವೇದಿಕೆ ಒಪ್ಪಿಕೊಂಡ ಮೇಲೂ ಹಾಡು ನಿಜಕ್ಕೂ ಸಿದ್ಧವಾಗಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ನಿಮ್ಮ ಕಿವಿಯೇ ನೋಡಬೇಕು. ಮಾಸ್ಟರಿಂಗ್ ಹದಗೊಳಿಸುವುದು ಮುಗಿದ ಹಾಡಿನ ಒಟ್ಟು ಧ್ವನಿಯನ್ನು. ಹಾರ್ಮೋನಿಯಂ ಹಾಡುಗಾರರನ್ನು ಮುಚ್ಚಿದ್ದರೆ ಅದನ್ನು ಅದಕ್ಕೂ ಮುಂಚೆ ಮಿಕ್ಸಿಂಗ್‌ನಲ್ಲೇ, ಅಂದರೆ ಒಂದೊಂದು ಧ್ವನಿಯ ಮಟ್ಟ ಹೊಂದಿಸುವಾಗಲೇ, ಸರಿಪಡಿಸಿರಬೇಕು. ಧ್ವನಿ ಎಲ್ಲಿಯೂ ಮಿತಿ ಮುಟ್ಟಿ ಒಡೆದಿರಬಾರದು. ಅತಿ ಜೋರಿನ ಕಡೆಯಲ್ಲೂ ಮೀಟರ್ (ಅದರಲ್ಲಿ ಸೊನ್ನೆಯೇ ಮಿತಿ) ಮೈನಸ್ 6ರಿಂದ ಮೈನಸ್ 3 ಡೆಸಿಬೆಲ್‌ನೊಳಗೆ ಇರಲಿ. ಒಟ್ಟು ಹಾಡಿನ ಮೇಲೆ ಲಿಮಿಟರ್ (ಜೋರಿನ ತುದಿಗಳನ್ನು ಅದುಮುವ ಸಾಧನ) ಹಾಕಿ ಮೊದಲೇ ಜೋರು ಮಾಡಿಟ್ಟ ಕಡತವನ್ನು ಮಾಸ್ಟರಿಂಗ್‌ಗೆ ಕೊಡಬೇಡಿ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ತೊಂದರೆ ಫ್ಯಾನು ಮತ್ತು ಕೂಲರ್. ಬೇಸಿಗೆಯ ರಾಯಚೂರು, ಬಳ್ಳಾರಿಯಲ್ಲಿ ಅವನ್ನು ನಿಲ್ಲಿಸಿ ಹಾಡಿ ಎಂದು ವಯಸ್ಸಾದ ಹಾಡುಗಾರರಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಮಾಸ್ಟರಿಂಗ್‌ನಲ್ಲಿ ಮೆಲ್ಲಗಿನ ಧ್ವನಿಗಳು ಮೇಲೇಳುತ್ತವೆ. ರೆಕಾರ್ಡಿಂಗ್‌ನಲ್ಲಿ ಕೇಳಿಸಿಯೂ ಕೇಳಿಸದಂತಿದ್ದ ಫ್ಯಾನಿನ ಸದ್ದು ಪದದ ಸಾಲು ಸಾಲಿನ ನಡುವೆ ಎದ್ದು ನಿಲ್ಲುತ್ತದೆ. ಅದಕ್ಕಾಗಿ ನಾನು ಸೂರ್ಯ ಹುಟ್ಟುವ ಮುಂಚೆ ರೆಕಾರ್ಡಿಂಗ್ ಇಟ್ಟುಕೊಳ್ಳುತ್ತೇನೆ. ಅಕ್ಕಿ ಗಿರಣಿ ಹತ್ತಿರವಿದ್ದರೆ ಅದು ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಕೇಳಿಕೊಳ್ಳಿ. ಕಲ್ಲಿನ ಗುಡಿಯಲ್ಲೋ ಸಮುದಾಯ ಭವನದಲ್ಲೋ ಹಾಡುವುದಾದರೆ ಹಾಡುಗಾರರ ಹಿಂದೆ, ಪಕ್ಕದಲ್ಲಿ ದಪ್ಪ ಕೌದಿಗಳನ್ನು ಇಳಿಬಿಡಿ. ಗೋಡೆಯಿಂದ ಮರಳಿ ಬರುವ ಧ್ವನಿ ಗಣನೀಯವಾಗಿ ತಗ್ಗುತ್ತದೆ. ದುಬಾರಿ ಮೈಕ್ ಕೊಳ್ಳುವುದಕ್ಕಿಂತ ಮೊದಲು ಇದನ್ನು ಮಾಡಿ ಎಂದು ಎಲ್ಲರಿಗೂ ಒತ್ತಾಯಿಸುತ್ತೇನೆ.

ಜಾತ್ರೆಯ ಧ್ವನಿವರ್ಧಕದಷ್ಟು ಜೋರು ಬೇಕು ಎಂದು ಕೇಳುವವರಿದ್ದಾರೆ. ಬೇಡ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಲಫ್ಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಮಟ್ಟಕ್ಕೆ ಹೊಂದಿಸಿ ಕೇಳಿಸುತ್ತದೆ, ಯೂಟ್ಯೂಬ್ ಕೂಡ ಅತಿ ಜೋರಿನ ಹಾಡನ್ನು ತಗ್ಗಿಸುತ್ತದೆ. ಮೈನಸ್ 8ಕ್ಕೆ ಹಿಂಡಿ ಕಳಿಸಿದರೆ ಅಲ್ಲಿ 6 ಡೆಸಿಬೆಲ್ ಇಳಿಸುತ್ತಾರೆ. ಜೋರೂ ಉಳಿಯುವುದಿಲ್ಲ, ದಮ್ಮಡಿಯ ಪೆಟ್ಟಿನ ಜೀವವೂ ಉಳಿಯುವುದಿಲ್ಲ.

ಇನ್ನು ಹಕ್ಕಿನ ವಿಚಾರ. ಹಾಡು ನಿಮ್ಮದೇ ಅಥವಾ ಬಳಸಲು ನಿಮಗೆ ಅನುಮತಿಯಿದೆ ಎಂದು ಏರಿಸುವಾಗ ನೀವೇ ಒಪ್ಪಿ ಗುರುತು ಹಾಕುತ್ತೀರಿ. ತತ್ವಪದದ ಸಾಹಿತ್ಯಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಪದ ಎಲ್ಲರದ್ದು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳನ್ನಾಗಲಿ, 1809ರಲ್ಲಿ ತೀರಿಕೊಂಡ ಮಾನ್ವಿಯ ಜಗನ್ನಾಥದಾಸರ ಕೀರ್ತನೆಗಳನ್ನಾಗಲಿ ಹಾಡಲು ಯಾರನ್ನೂ ಕೇಳಬೇಕಿಲ್ಲ. ಆದರೆ ಇತ್ತೀಚಿನ ಸಂಗೀತ ನಿರ್ದೇಶಕರು ಅದೇ ಪದಕ್ಕೆ ಕಟ್ಟಿದ ಹೊಸ ಧಾಟಿಗೆ ಬೇರೆ ಹಕ್ಕಿದೆ, ಆ ಧ್ವನಿಮುದ್ರಣಕ್ಕೂ ಬೇರೆ ಹಕ್ಕಿದೆ.

ಭಜನಾ ಮೇಳಗಳಲ್ಲಿ ಸಿನಿಮಾ ಹಾಡಿನ ಧಾಟಿಗೆ ದೇವರ ಪದ ಕೂರಿಸಿ ಹಾಡುವುದು ರೂಢಿ. ಗುಡಿಯಲ್ಲಿ ಅದರ ಸೊಗಸೇ ಬೇರೆ, ನನಗೂ ಇಷ್ಟ. ಆದರೆ ಅನುಮತಿ ಇಲ್ಲದೆ ಅದನ್ನು ಆನ್‌ಲೈನ್‌ಗೆ ಏರಿಸಿದರೆ ಧಾಟಿಯ ಮಾಲೀಕರು ತಡೆಯಬಹುದು. ಯೂಟ್ಯೂಬ್‌ನಿಂದ ಇಳಿಸಿಕೊಂಡ ಕರೋಕೆ ಟ್ರ್ಯಾಕ್ ಮೇಲೆ ಹಾಡಿದ್ದರೂ ಅಷ್ಟೇ. ನಿಮ್ಮ ಉಳಿದ ಹಾಡುಗಳಲ್ಲಿ ಇಂಥದ್ದೇನಾದರೂ ಇದ್ದರೆ ಕಡತ ಬದಲಿಸಿ ಫಲವಿಲ್ಲ, ಹಾರ್ಮೋನಿಯಂ, ತಬಲಾ ಹಿಡಿದು ಹಳೆಯ ಧಾಟಿಯಲ್ಲೇ ಮತ್ತೆ ಹಾಡಿಸಿ.

ಕೊನೆಯದಾಗಿ, ಮೇಳದ ಎಲ್ಲರ ಒಪ್ಪಿಗೆ ಬರಹದಲ್ಲಿರಲಿ. ಹಾಡಿದವರಿಗೂ ನುಡಿಸಿದವರಿಗೂ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಇದೆ. ಯಾರ ಹೆಸರಿನ ಖಾತೆ, ಹಣ ಬಂದರೆ ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಓದು ಬಾರದ ಹಿರಿಯರಿಗೆ ಅದನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಳ್ಳಿ.