ಬೆಂಗಳೂರಲ್ಲಿ ಐಸ್ ಹಾಕಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಲಿ ನಮ್ಮ ಹೆಣ್ಮಕ್ಕಳ ಟೀಮ್ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಐಸ್ ಹಾಕಿ ಕಂಚು ಗೆದ್ದಿದ್ದರ ಬಗ್ಗೆ ಬರೆದಿದ್ದೆ. ಅದನ್ನ ಓದಿ ತುಂಬಾ ಜನ ಪ್ರಶ್ನೆ ಕಳ್ಸಿದಾರೆ, ಖುಷಿಯಾಯ್ತು. ಆದಷ್ಟಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ಇನ್‌ಲೈನ್ ಸ್ಕೇಟಿಂಗ್ (ಒಂದೇ ಸಾಲಲ್ಲಿ ಚಕ್ರ ಇರೋ ಸ್ಕೇಟು) ಕಲೀತಿದಾಳೆ. ಲಡಾಖ್ ಹುಡುಗೀರ ವಿಡಿಯೋ ನೋಡಿದ್ಮೇಲೆ ಐಸ್ ಹಾಕಿನೇ ಆಡ್ಬೇಕು ಅಂತ ಹಠ. ಬೆಂಗಳೂರಲ್ಲಿದ್ಕೊಂಡು ಇದೆಲ್ಲ ಸಾಧ್ಯನಾ? (ಒಬ್ಬ ತಾಯಿ, ರಾಜಾಜಿನಗರ)

ಸಾಧ್ಯ ಇದೆ, ಬೇಡ ಅನ್ಬೇಡಿ. ಹಾಕಿ ಆಡೋ ಸೈಜಿನ ಐಸ್ ರಿಂಕ್, ಅಂದ್ರೆ ಐಸ್ ಅಂಗಳ, ನಮ್ಮೂರಲ್ಲಿ ಇಲ್ಲ ನಿಜ, ಆದ್ರೆ ನಿಮ್ಮ ಮಗಳು ಅರ್ಧ ದಾರಿ ಆಗ್ಲೇ ಬಂದಿದಾಳೆ, ಯಾಕಂದ್ರೆ ಬ್ಯಾಲೆನ್ಸು, ಮಂಡಿ ಬಗ್ಗಿಸಿ ತಳ್ಳೋದು, ತಿರುವಲ್ಲಿ ಕಾಲು ದಾಟಿಸೋದು, ಸ್ಟಿಕ್ ಹಿಡ್ಕೊಂಡು ತಲೆ ಎತ್ತಿ ಓಡೋದು ಇದೆಲ್ಲ ಇನ್‌ಲೈನ್‌ನಿಂದ ಐಸಿಗೆ ಹಂಗೇ ಬರತ್ತೆ. ಬರದೇ ಇರೋದು ಮುಖ್ಯವಾಗಿ ಒಂದು, ನಿಲ್ಲೋದು. ಐಸ್ ಸ್ಕೇಟಿನ ಬ್ಲೇಡಿಗೆ ನಡುವೆ ಸಣ್ಣ ಗುಳಿ ಕೊರೆದು ಎರಡು ಕಡೆ ಅಂಚು ಮಾಡಿರ್ತಾರೆ, ಕಾಲನ್ನ ಅಡ್ಡ ತಿರುಗಿಸಿದ್ರೆ ಆ ಅಂಚು ಐಸನ್ನ ಕೆರ್ಕೊಂಡು ಹೋಗಿ ಗಕ್ಕಂತ ನಿಲ್ಸತ್ತೆ. ಚಕ್ರದಲ್ಲಿ ಹಂಗೆ ಮಾಡಕ್ಕೆ ಹೋದ್ರೆ ಚಕ್ರ ಕಚ್ಕೊಂಡು ಮುಗ್ಗರಿಸ್ತಾರೆ, ಹಾಗಾಗಿ ಇಲ್ಲಿಂದ ಹೋದ ಮಕ್ಕಳು ಮೊದಲ ದಿನ ಐಸಲ್ಲಿ ಜೋರಾಗೇ ಓಡ್ತಾರೆ, ನಿಲ್ಲಕ್ಕೆ ಮಾತ್ರ ಬರಲ್ಲ.

2024ರಲ್ಲಿ ಲೇಹ್‌ನಲ್ಲಿ ನಡೆದ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಐಸ್ ಸ್ಕೇಟಿಂಗ್‌ನಲ್ಲಿ ನಮ್ಮ ಕರ್ನಾಟಕದವರು ಚಿನ್ನ ಗೆದ್ರು, ಊರಲ್ಲಿ ಒಂದು ಒಳ್ಳೆ ರಿಂಕೂ ಇಲ್ದೆ! ಈಗ ನೀವು ಮಾಡ್ಬೋದಾಗಿರೋದು ಅಂದ್ರೆ ಅವಳನ್ನ ಇನ್‌ಲೈನ್ ಹಾಕಿ ಕಲಿಸೋ ಕ್ಲಬ್ಬಿಗೆ ಸೇರ್ಸಿ. ಅಲ್ಲಿ ಗೋಲ್‌ಕೀಪರ್ ಬಿಟ್ಟು ನಾಲ್ಕು ಜನ ಆಡ್ತಾರೆ, ಐಸಲ್ಲಿ ಐದು, ಮೈಮೇಲೆ ಬಿದ್ದು ತಳ್ಳೋ ಹಾಗಿಲ್ಲ, ಹಾಗಾಗಿ ಕೈಚಳಕ ಚೆನ್ನಾಗಿ ಬರತ್ತೆ. ಆಮೇಲೆ ರಜೇಲಿ ಐಸ್ ಇರೋ ಕಡೆ ಹೋಗ್ಬೇಕು. ಗುರುಗ್ರಾಮದಲ್ಲಿ ಮಾಲ್ ಒಳಗೆ ಚಿಕ್ಕ ರಿಂಕ್ ಇದೆ, ಡೆಹ್ರಾಡೂನ್ ರಿಂಕ್ 2025ರಲ್ಲಿ ಮತ್ತೆ ಓಪನ್ ಆಗಿದೆ, ಚಳಿಗಾಲದಲ್ಲಾದ್ರೆ ಲೇಹ್. ಎಲ್ಲೇ ಆಡಿದ್ರೂ ಮುಖಕ್ಕೆ ಕೇಜ್ ಇರೋ ಹೆಲ್ಮೆಟ್ ಜೊತೆ ನೆಕ್ ಗಾರ್ಡ್ ತಗೊಳ್ಳಿ, ಇದ್ರಲ್ಲಿ ದುಡ್ಡು ಉಳಿಸ್ಬೇಡಿ. 2023ರಲ್ಲಿ ಇಂಗ್ಲೆಂಡಲ್ಲಿ ಮ್ಯಾಚ್ ಮಧ್ಯೆ ಒಬ್ಬ ಆಟಗಾರನ ಕುತ್ತಿಗೆಗೆ ಸ್ಕೇಟಿನ ಬ್ಲೇಡ್ ತಗುಲಿ ಪ್ರಾಣ ಹೋಯ್ತು, ಅದಾದ್ಮೇಲೆ ಐಐಎಚ್‌ಎಫ್ (ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ) ತನ್ನ ಟೂರ್ನಿಗಳಲ್ಲಿ ನೆಕ್ ಗಾರ್ಡ್ ಕಡ್ಡಾಯ ಮಾಡ್ತು.

ಪ್ರಶ್ನೆ: ಏಪ್ರಿಲ್‌ನಲ್ಲಿ ಇಲ್ಲಿ 36 ಡಿಗ್ರಿ ಬಿಸಿಲು. ಇಷ್ಟು ದೊಡ್ಡ ಐಸ್ ಹೆಂಗೆ ಉಳಿಯತ್ತೆ, ಕರೆಂಟ್ ಎಷ್ಟು ಬೇಕು? (ಮೆಕ್ಯಾನಿಕಲ್ ಇಂಜಿನಿಯರ್, ವೈಟ್‌ಫೀಲ್ಡ್)

ನೀವು ಇಂಜಿನಿಯರ್ ಅಂದ್ಮೇಲೆ ಸ್ವಲ್ಪ ಡೀಟೇಲಾಗೇ ಹೇಳ್ತೀನಿ. ಐಸ್ ಅಂದ್ರೆ ಅಡಿಗಟ್ಲೆ ದಪ್ಪ ಇರಲ್ಲ, ಒಂದು ಇಂಚು, ಒಂದೂಕಾಲು ಇಂಚು ಅಷ್ಟೇ. ಅದರ ಕೆಳಗೆ ಕಾಂಕ್ರೀಟ್ ಸ್ಲ್ಯಾಬು, ಅದ್ರೊಳಗೆ ಮೈಲಿಗಟ್ಟಲೆ ಪೈಪು, ಪೈಪಲ್ಲಿ ಉಪ್ಪುನೀರು ಇಲ್ಲಾಂದ್ರೆ ಗ್ಲೈಕಾಲ್ ಮೈನಸ್ 9ರ ಆಸುಪಾಸಲ್ಲಿ ಸುತ್ತುತ್ತಾ ಇರತ್ತೆ, ಐಸ್ ಮೇಲ್ಮೈ ಹಾಕಿಗೆ ಮೈನಸ್ 5ರ ಹತ್ರ ಇಡ್ತಾರೆ. ಸ್ಲ್ಯಾಬ್ ಕೆಳಗೆ ಇನ್ಸುಲೇಷನ್, ಅದರ ಕೆಳಗೆ ಮತ್ತೆ ಬೆಚ್ಚಗಿನ ಪೈಪು, ಇಲ್ದಿದ್ರೆ ವರ್ಷಗಳು ಕಳೀತಾ ಕೆಳಗಿನ ಮಣ್ಣೇ ಹೆಪ್ಪುಗಟ್ಟಿ ಉಬ್ಬಿ ನೆಲ ಸೀಳತ್ತೆ.

ಜನ ಬಿಸಿಲಿಗೆ ಹೆದರ್ತಾರೆ, ಆದ್ರೆ ಬಿಸಿ ದೇಶದ ರಿಂಕಿಗೆ ನಿಜವಾದ ಶತ್ರು ತೇವ. ಹೊರಗಿನ ಹಸಿ ಗಾಳಿ ಒಳಗೆ ಬಂದ್ರೆ ಐಸ್ ಮೇಲೆ ಮಂಜು ಕವಿದು ಪಕ್ (ಚೆಂಡಿನ ಬದ್ಲು ಆಡೋ ರಬ್ಬರ್ ಬಿಲ್ಲೆ) ಕಾಣಲ್ಲ, ಸೂರಲ್ಲಿ ನೀರು ಕಟ್ಕೊಂಡು ತೊಟ್ಟಿಕ್ಕಿ ಐಸ್ ಮೇಲೆ ಗುಬುಟು ಗುಬುಟಾಗತ್ತೆ, ಅದಕ್ಕೇ ತಂಪು ಮಾಡೋ ಚಿಲ್ಲರ್ ಎಷ್ಟು ಮುಖ್ಯವೋ ಗಾಳಿಯ ತೇವ ತೆಗೆಯೋ ಡಿಹ್ಯುಮಿಡಿಫೈಯರ್ ಅಷ್ಟೇ ಮುಖ್ಯ. ಬಿಸಿ ಸೂರಿಂದ ಐಸಿಗೆ ಇಳಿಯೋ ಶಾಖಾನೂ ದೊಡ್ಡ ಹೊರೆನೇ, ಸೂರಿನ ಒಳಗಡೆ ಶಾಖ ಬಿಡದ ಶೀಟ್ ಹೊದಿಸಿದ್ರೆ ಕರೆಂಟ್ ಎಷ್ಟೋ ಉಳಿಯತ್ತೆ. ಇದ್ರಲ್ಲಿ ಚೆನ್ನೈ, ಮುಂಬೈಗಿಂತ ಬೆಂಗಳೂರಿಗೆ ಅನುಕೂಲ ಜಾಸ್ತಿ, 900 ಮೀಟರ್ ಎತ್ತರ, ಕಡಲ ಸೆಕೆ ಇಲ್ಲ, ರಾತ್ರಿ ತಂಪು. ಆದ್ರೂ ಬೆಸ್ಕಾಂ ಬಿಲ್ಲೇ ದೊಡ್ಡ ಖರ್ಚಾಗತ್ತೆ, ವರ್ಷಪೂರ್ತಿ, ಹಗಲು ರಾತ್ರಿ.

ಇನ್ನೊಂದು ಹೇಳ್ಬೇಕು. ಐಸ್ ನಯ ಮಾಡೋ ಝಾಂಬೋನಿ ಗಾಡಿ ಹುಟ್ಟಿದ್ದು ಕೆನಡಾದಲ್ಲಲ್ಲ, ಬಿಸಿಲಿನ ಕ್ಯಾಲಿಫೋರ್ನಿಯಾದಲ್ಲಿ! ಫ್ರಾಂಕ್ ಝಾಂಬೋನಿ ಐಸ್ ಗಡ್ಡೆ ತಯಾರಿಸಿ ಮಾರ್ತಿದ್ದವ್ರು, ಮನೆ ಮನೆಗೆ ಫ್ರಿಜ್ ಬಂದು ವ್ಯಾಪಾರ ಇಳಿಯೋ ಹೊತ್ತಿಗೆ 1940ರಲ್ಲಿ ಪ್ಯಾರಾಮೌಂಟ್ ಅನ್ನೋ ಊರಲ್ಲಿ ರಿಂಕ್ ಶುರು ಮಾಡಿದ್ರು, 1949ಕ್ಕೆ ಆ ಗಾಡಿ ರೆಡಿ ಆಯ್ತು.

ಪ್ರಶ್ನೆ: ಜಯಮಹಲ್ ಹತ್ರ ಸ್ನೋ ಸಿಟಿ ಇದ್ಯಲ್ಲ, ಅಲ್ಲೇ ಪ್ರಾಕ್ಟೀಸ್ ಮಾಡ್ಬೋದಲ್ವಾ? (ಪಿಯುಸಿ ವಿದ್ಯಾರ್ಥಿ, ಹನುಮಂತನಗರ)

ಆಗಲ್ಲ. ಅಲ್ಲಿರೋದು ಆಟ ಆಡಕ್ಕೆ ಮಾಡಿರೋ ಹಿಮ, ಹಾಕಿಗೆ ಬೇಕಾಗಿರೋದು ಗಟ್ಟಿ, ಸಮತಟ್ಟಾದ ಐಸ್, ಉದ್ದ 60 ಮೀಟರ್, ಅಗಲ 26ರಿಂದ 30.

ಪ್ರಶ್ನೆ: ಬಿಸಿ ದೇಶದವ್ರು ಯಾರಾದ್ರೂ ಈ ಆಟದಲ್ಲಿ ನಿಜವಾಗ್ಲೂ ಬೆಳೆದಿದಾರಾ? (ಐಟಿ ಉದ್ಯೋಗಿ, ಬನಶಂಕರಿ)

ಫಿಲಿಪ್ಪೀನ್ಸ್ ನೋಡಿ. ಅಲ್ಲಿ 1990ರ ದಶಕದ ಶುರುವಿಂದ ಮನಿಲಾದ ದೊಡ್ಡ ಮಾಲ್‌ಗಳಲ್ಲಿ ಐಸ್ ರಿಂಕ್ ಇದೆ, ಮಕ್ಕಳು ಶಾಲೆ ಮುಗಿಸ್ಕೊಂಡು ಬಂದು ಸ್ಕೇಟ್ ಮಾಡ್ತಾ ಬೆಳೆದ್ರು. ಐಐಎಚ್‌ಎಫ್ ಸದಸ್ಯರಾಗಿದ್ದು 2016ರಲ್ಲಿ, ಮರುವರ್ಷನೇ ಸೀ ಗೇಮ್ಸ್‌ನಲ್ಲಿ (ಆಗ್ನೇಯ ಏಷ್ಯಾದ ಕ್ರೀಡಾಕೂಟ) ಮೊದಲ ಸಲ ಐಸ್ ಹಾಕಿ ಇಟ್ಟಾಗ ಚಿನ್ನ ಅವ್ರದ್ದೇ! ನಾವು ಸದಸ್ಯರಾಗಿದ್ದು 1989ರಲ್ಲಿ, ಮೊದಲ ಇಂಟರ್‌ನ್ಯಾಷನಲ್ ಆಡಿದ್ದು 2009ರಲ್ಲಿ ಅಬುಧಾಬಿಲಿ. ಇಪ್ಪತ್ತು ವರ್ಷ ಮಧ್ಯೆ ಹೋಯ್ತು, ಯಾಕಂದ್ರೆ ಸದಸ್ಯತ್ವ ಇತ್ತು, ಐಸ್ ಇರ್ಲಿಲ್ಲ, ಲಡಾಖಿನ ಕೆರೆ ಹೆಪ್ಪುಗಟ್ಟೋ ಒಂದೆರಡು ತಿಂಗಳೇ ನಮ್ಮ ಸೀಸನ್ನು.

ಅಮೆರಿಕದ ಅರಿಜೋನಾ ಮರುಭೂಮಿನೇ. ಅಲ್ಲಿಗೆ 1996ರಲ್ಲಿ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗು) ಟೀಮ್ ಬಂತು, ಆ ಮ್ಯಾಚ್‌ಗಳನ್ನ ನೋಡ್ತಾ ಬೆಳೆದ ಆಸ್ಟನ್ ಮ್ಯಾಥ್ಯೂಸ್ 2016ರ ಡ್ರಾಫ್ಟ್‌ನಲ್ಲಿ, ಅಂದ್ರೆ ಲೀಗಿನ ಟೀಮ್‌ಗಳು ಹೊಸ ಹುಡುಗರನ್ನ ಆರಿಸೋವಾಗ, ಮೊದಲನೇ ಆಯ್ಕೆ ಆದ. ಫ್ಲೋರಿಡಾ ಪ್ಯಾಂಥರ್ಸ್ 2024, 2025 ಎರಡೂ ವರ್ಷ ಆ ಲೀಗಿನ ಸ್ಟಾನ್ಲಿ ಕಪ್ ಗೆದ್ರು. ಅವರ ಹತ್ರ ದುಡ್ಡಿದೆ ಅಂತೀರಾ? ಕೀನ್ಯಾಗೆ ಬನ್ನಿ, ನೈರೋಬಿಲಿ ಒಂದು ಹೋಟೆಲ್ ಒಳಗೆ 2005ರಲ್ಲಿ ಮಾಡಿದ ರಿಂಕು, ಫುಲ್ ಸೈಜಿಗಿಂತ ಬಹಳ ಚಿಕ್ಕದು. ಅಲ್ಲೇ ಐಸ್ ಲಯನ್ಸ್ ಅನ್ನೋ ಟೀಮ್ ಕಟ್ಟಿದ್ರು, 2024ರಲ್ಲಿ ಕೀನ್ಯಾ ಐಐಎಚ್‌ಎಫ್ ಸೇರ್ತು. ಇದನ್ನೆಲ್ಲ ಓದಿದಾಗ ನಂಗೆ ಹೊಟ್ಟೆ ಉರಿಯಲ್ಲ, ಧೈರ್ಯ ಬರತ್ತೆ.

ಪ್ರಶ್ನೆ: ನಮ್ಮ ನಿಜವಾದ ಹಾಕಿಗೇ ಜನ ಬರ್ತಿಲ್ಲ, ಕುಡಿಯಕ್ಕೆ ನೀರಿಲ್ಲ, ಇಂಥ ಟೈಮಲ್ಲಿ ಈ ಶೋಕಿ ಬೇಕಾ? (ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ)

ಸರ್, ನಿಮ್ಮ ಬೇಸರ ನಂಗೂ ಇದೆ, ಅಕ್ಕಿತಿಮ್ಮನಹಳ್ಳಿ ಹಾಕಿ ಸ್ಟೇಡಿಯಂ ತುಂಬಿರೋದು ನೋಡ್ಬೇಕು ಅಂತ ನಂಗೂ ಆಸೆ. ಆದ್ರೆ ಕೊಡಗು ನೋಡಿ, 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ 2024ಕ್ಕೆ 360 ಟೀಮ್ ಆಡಿದ್ವು. ಅಲ್ಲಿ ಆಟ ಉಳಿದಿದ್ದು ಇನ್ನೊಂದು ಆಟನ ತಡೆದಿದ್ದಕ್ಕಲ್ಲ, ಮನೆಮಂದಿ ಎಲ್ಲ ಮೈದಾನಕ್ಕೆ ಇಳಿದಿದ್ದಕ್ಕೆ.

ನೀರಿನ ಲೆಕ್ಕ ಹೇಳ್ತೀನಿ. ಫುಲ್ ಸೈಜ್ ರಿಂಕಿಗೆ ಒಂದಿಂಚು ಐಸ್ ಅಂದ್ರೆ ಸುಮಾರು 45 ಸಾವಿರ ಲೀಟರ್, 12 ಸಾವಿರ ಲೀಟರಿನ ನಾಲ್ಕು ಟ್ಯಾಂಕರ್ ಒಳಗೇ ಮುಗಿಯತ್ತೆ. ಆಮೇಲೆ ಮೇಲ್ಮೈ ನಯ ಮಾಡಕ್ಕೆ ದಿನಾ ನೀರು ಬೇಕು, ಆದ್ರೆ ಕೆರೆದು ತೆಗೆದ ಐಸ್ ಕರಗಿಸಿ ಅದನ್ನೇ ತಿರುಗಿ ಬಳಸ್ಬೋದು. ಕರೆಂಟ್ ವಿಷಯದಲ್ಲಿ ನಿಮ್ಮ ಮಾತನ್ನ ಪೂರ್ತಿ ಒಪ್ತೀನಿ. ಡೆಹ್ರಾಡೂನಲ್ಲಿ 2011ರ ಸೌತ್ ಏಷ್ಯನ್ ವಿಂಟರ್ ಗೇಮ್ಸ್‌ಗೆ ಅಂತ ಅಷ್ಟು ದೊಡ್ಡ ರಿಂಕ್ ಕಟ್ಟಿ, ಗೇಮ್ಸ್ ಮುಗಿದ್ಮೇಲೆ ನಡೆಸೋ ಖರ್ಚು ಹೊರಲಾರದೆ ವರ್ಷಾನುಗಟ್ಲೆ ಬೀಗ ಹಾಕಿಟ್ರು, ಆ ವರ್ಷಗಳಲ್ಲಿ ಲಡಾಖಿನ ಮಕ್ಕಳು ಬೇಸಿಗೆಲಿ ಪ್ರಾಕ್ಟೀಸ್‌ಗೆ ಜಾಗ ಇಲ್ದೆ ಕೂತ್ರು. ನಂಗೆ ತುಂಬಾ ನೋವಾಗೋ ವಿಷಯ ಇದು. ಹಾಗಾಗಿ ಬೆಂಗಳೂರಿಗೆ ಒಂದು ಈವೆಂಟಿಗೋಸ್ಕರ ಕಟ್ಟೋ ಸ್ಟೇಡಿಯಂ ಬೇಡವೇ ಬೇಡ. ಅರ್ಧ ಸೈಜಿನ ರಿಂಕೇ ಸಾಕು, ಸಂಜೆ ಪಬ್ಲಿಕ್ ಸ್ಕೇಟಿಂಗ್ ಟಿಕೆಟ್ಟಿಂದ ಬಿಲ್ ಕಟ್ಲಿ, ಬೆಳಗಿನ ಹೊತ್ತು ಸರ್ಕಾರಿ ಶಾಲೆ ಮಕ್ಕಳಿಗೂ ಕ್ಲಬ್‌ಗಳಿಗೂ ಕಮ್ಮಿ ಫೀಸಲ್ಲಿ ಮೀಸಲಿಡ್ಲಿ, ಈ ಷರತ್ತನ್ನ ಜಾಗ ಕೊಡುವಾಗ್ಲೇ ಬರೆಸ್ಕೊಳ್ಬೇಕು. ಬರೀ ದುಡ್ಡಿದ್ದವ್ರ ಮಕ್ಕಳಿಗೆ ಆದ್ರೆ ನಾನೂ ನಿಮ್ಮ ಜೊತೆ ವಿರೋಧನೇ ಮಾಡ್ತೀನಿ.

ಪ್ರಶ್ನೆ: ನಂಗೀಗ 27, ಸ್ಕೇಟಿಂಗ್ ಗೊತ್ತೇ ಇಲ್ಲ. ಲೇಟಾಯ್ತಾ? (ನರ್ಸ್, ಯಶವಂತಪುರ)

ದೇಶಕ್ಕೆ ಆಡೋದು ಕಷ್ಟ, ಆಡೋದು ಕಷ್ಟ ಅಲ್ಲ. ನಮ್ಮ ಹೆಣ್ಮಕ್ಕಳ ಟೀಮ್ ಮೊದಲ ಸಲ ಹೊರದೇಶದಲ್ಲಿ ಆಡಿದ್ದು 2016ರಲ್ಲಿ ತೈಪೆಲಿ, ಜನರಿಂದ ಚಂದಾ ಎತ್ತಿ ಹೋಗಿದ್ರು, ಗೆಲ್ಲಲಿಲ್ಲ. ಮುಂದಿನ ವರ್ಷ ಬ್ಯಾಂಕಾಕಲ್ಲಿ ಫಿಲಿಪ್ಪೀನ್ಸ್ ಮೇಲೆ 4-3 ಅಂತ ಮೊದಲ ಗೆಲುವು. ನೀವು ಮೊದಲು ಶೂಸ್ ತಗೊಳ್ಳೋ ಬದ್ಲು ಬಾಡಿಗೆ ಸ್ಕೇಟಲ್ಲಿ ಶುರು ಮಾಡಿ, ಮೊದಲ ಕ್ಲಾಸಲ್ಲಿ ಬೀಳೋದು ಕಲಿಸೋ ಕೋಚ್‌ನೇ ಹುಡುಕಿ, ಮಂಡಿ ಮಣಿಕಟ್ಟಿಗೆ ಗಾರ್ಡ್ ಇಲ್ದೆ ಇಳೀಬೇಡಿ. ಶಿಫ್ಟ್ ಡ್ಯೂಟಿ ಅಂತ ಬರೆದಿದೀರಿ, ಬೆಳಗಿನ ಬ್ಯಾಚ್ ಇರೋ ಕ್ಲಬ್ ಕೇಳ್ನೋಡಿ, ಆಗ ರಿಂಕ್ ಖಾಲಿ ಇರತ್ತೆ, ಕೋಚ್ ಗಮನಾನೂ ಜಾಸ್ತಿ ಸಿಗತ್ತೆ.