ದವಡೆ ಟಕ್ ಅನ್ನುತ್ತಿದೆ, ಪರೀಕ್ಷೆ ಹತ್ತಿರ ಬಂದಿದೆ

ಪ್ರಶ್ನೆ: ನಾನು ಮಂಡ್ಯದವಳು. ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಬಿಡಿಎಸ್ ಮೂರನೇ ವರ್ಷ ಓದುತ್ತಿದ್ದೇನೆ. ಕೆಲವು ತಿಂಗಳಿಂದ ಆಕಳಿಸಿದರೆ ಬಲಗಿವಿಯ ಮುಂದೆ ಟಕ್ ಅಂತ ಸದ್ದು ಬರುತ್ತದೆ. ಬೆಳಿಗ್ಗೆ ಕೆನ್ನೆ ಬಿಗಿದಿರುತ್ತದೆ, ಕಣತಲೆ ನೋಯುತ್ತದೆ. ಇಂಟರ್ನಲ್ಸ್ ಬಂದರೆ ಇನ್ನೂ ಜಾಸ್ತಿ. ದವಡೆ ಕೀಲಿನ ತೊಂದರೆ ಇದೆಯಾ ಅಂತ ನೋಡುವ ಫೋನ್ಸೆಕಾ ಪ್ರಶ್ನಾವಳಿ ತುಂಬಿ ನೋಡಿದೆ, 45 ಬಂತು. ಹಲ್ಲಿನ ಮೇಲ್ಮೈ ಸ್ವಲ್ಪ ಗ್ರೈಂಡ್ ಮಾಡಿಸಿಕೊಂಡರೆ ಸರಿಹೋಗುತ್ತದೆ ಅಂತ ಸೀನಿಯರ್ ಒಬ್ಬರು ಹೇಳುತ್ತಾರೆ. ಮಾಡಿಸಲಾ?
– ಹೆಸರು ಬೇಡ, ಮೈಸೂರು

ಉತ್ತರ: ಬೇಡ. ಸವೆಸಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದರಿಂದ ಈ ನೋವು ಹೋಗುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರವೂ ಇಲ್ಲ.

ಸದ್ದಿಗೆ ಹೆದರಬೇಡಿ. ದವಡೆ ಕೀಲಿನೊಳಗಿನ ಮೆತ್ತೆಯಂಥ ಡಿಸ್ಕ್ ತುಸು ಮುಂದಕ್ಕೆ ಜಾರಿರುತ್ತದೆ, ಬಾಯಿ ತೆರೆದಾಗ ಕಾಂಡೈಲ್ (ಕೆಳದವಡೆ ಮೂಳೆಯ ದುಂಡನೆಯ ತುದಿ) ಮತ್ತೆ ಅದರಡಿ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಟಕ್ ಅನ್ನೋದು ಆಗಲೇ. ನೋವಿಲ್ಲದ ಸದ್ದು ಎಷ್ಟೋ ಜನಕ್ಕಿದೆ, ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ನಿಮ್ಮನ್ನು ಕಾಡುತ್ತಿರುವುದು ಹೆಚ್ಚಾಗಿ ಮ್ಯಾಸೆಟರ್ ಮತ್ತು ಟೆಂಪೊರಾಲಿಸ್, ಅಂದರೆ ಕೆನ್ನೆಯ ಮತ್ತು ಕಣತಲೆಯ ಅಗಿಯುವ ಸ್ನಾಯುಗಳು. ಬೆಳಗಿನ ಬಿಗಿತ, ಕಣತಲೆ ನೋವು ಹೇಳುವುದು ಅದನ್ನೇ.

ಇನ್ನು ಆ 45. ಫೋನ್ಸೆಕಾದಲ್ಲಿ ಇರುವುದು 10 ಪ್ರಶ್ನೆ, 'ಹೌದು' ಅಂದರೆ 10 ಅಂಕ, 'ಕೆಲವೊಮ್ಮೆ' ಅಂದರೆ 5. 'ನೀವು ಟೆನ್ಷನ್ ಮಾಡಿಕೊಳ್ಳುವವರೇ' ಅಂತಲೂ ಅದರಲ್ಲಿ ಕೇಳುತ್ತಾರೆ. ಪರೀಕ್ಷೆ ಎದುರಿಗಿರುವಾಗ ಯಾವ ಬಿಡಿಎಸ್ ವಿದ್ಯಾರ್ಥಿ ಇಲ್ಲ ಅಂತಾರೆ, ಹೇಳಿ! ಅದರ ಜೊತೆ ತಲೆನೋವಿಗೂ ಹೌದು ಅಂದರೆ 20, ಅಲ್ಲಿಗೇ 'ಸೌಮ್ಯ' ಗುಂಪಿಗೆ ಸೇರಿದಿರಿ. ಅದು ಜರಡಿ ಅಷ್ಟೇ. ಕೈಯಿಟ್ಟು ಪರೀಕ್ಷೆ ಮಾಡದೆ ರೋಗ ಯಾವುದು ಅಂತ ಹೇಳಲು ಆಗುವುದಿಲ್ಲ.

ಹಾಗಂತ ಒತ್ತಡಕ್ಕೆ ಸಂಬಂಧವೇ ಇಲ್ಲ ಅಂತಲ್ಲ. ಒತ್ತಡದಲ್ಲಿ ಹಲ್ಲು ಕಚ್ಚುವುದು ಜಾಸ್ತಿ, ನಿದ್ದೆ ಕಮ್ಮಿ. ನಿದ್ದೆ ಕೆಟ್ಟರೆ ಸಣ್ಣ ನೋವೂ ದೊಡ್ಡದಾಗುತ್ತದೆ. ರಾತ್ರಿ ಕಡಿಯುವುದು ನಿಮ್ಮ ಕೈಯಲ್ಲಿಲ್ಲ, ಹಗಲಿನದು ಇದೆ. ನಾಳೆ ಪೋಸ್ಟಿಂಗ್‌ನಲ್ಲಿ ಹಲ್ಲು ಕೊರೆಯುವ ಏರೋಟರ್ ಹಿಡಿದು ಬಗ್ಗಿದಾಗ ಸುಮ್ನೆ ಗಮನಿಸಿ: ಕತ್ತು ಮುಂದಕ್ಕೆ ಚಾಚಿದೆ, ಭುಜ ಮೇಲೆದ್ದಿದೆ, ಹಲ್ಲಿಗೆ ಹಲ್ಲು ಕಚ್ಚಿಕೊಂಡಿದೆ. ಇಷ್ಟು ರೋಗಿಗಳನ್ನು ನೋಡಲೇಬೇಕು ಅನ್ನುವ ಕೋಟಾ ಮುಗಿಸುವ ಆತುರದಲ್ಲಿ ಎಷ್ಟು ಹೊತ್ತು ಹಾಗೇ ಇದ್ದಿರಿ ಅಂತ ಗೊತ್ತೇ ಆಗುವುದಿಲ್ಲ. ಸುಮ್ಮನಿರುವಾಗ ತುಟಿ ಸೇರಿರಬೇಕು, ಹಲ್ಲು ಬಿಟ್ಟಿರಬೇಕು. ರೆಕಾರ್ಡ್ ಬುಕ್ ಮೇಲೆ, ಮೊಬೈಲ್ ಹಿಂದೆ ಒಂದೊಂದು ಬಣ್ಣದ ಚುಕ್ಕಿ ಅಂಟಿಸಿ. ಕಂಡಾಗಲೆಲ್ಲ ದವಡೆ ಸಡಿಲ ಬಿಡಿ. ಚಿಕ್ಕ ಉಪಾಯ ಅನ್ನಿಸಬಹುದು, ನನ್ನ ಮಟ್ಟಿಗೆ ಮಾತ್ರೆಗಿಂತ ಮೊದಲು ಬೇಕಾದದ್ದು ಇದೇ.

ರಾತ್ರಿ ಕೆನ್ನೆಗೆ 10–15 ನಿಮಿಷ ಬಿಸಿ ಶಾಖ ಕೊಡಿ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಒತ್ತಿ ಹಿಡಿಯಿರಿ. ಚ್ಯೂಯಿಂಗ್ ಗಮ್ ಬಿಡಿ. ಊರಿಗೆ ಹೋದಾಗ ಕಬ್ಬು ಸಿಗಿಯುವ ಆಸೆಯನ್ನೂ ಸ್ವಲ್ಪ ದಿನ ಬದಿಗಿಡಿ. ಮುದ್ದೆ-ಸಾರು ಧಾರಾಳವಾಗಿ ಹೊಡೆಯಿರಿ, ನುಂಗುವ ಊಟಕ್ಕೆ ದವಡೆಯ ತಂಟೆಯೇ ಇಲ್ಲ!

ಎರಡು-ಮೂರು ವಾರದಲ್ಲಿ ತಗ್ಗದಿದ್ದರೆ ಓರಲ್ ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಕಾರಿಡಾರ್‌ನಲ್ಲಿ ಸರ್‌ನ ನಿಲ್ಲಿಸಿ ಕೇಳುವುದಲ್ಲ, ಓಪಿಡಿ ಚೀಟಿ ಮಾಡಿಸಿ ರೋಗಿಯಾಗಿ ಕೂರಿ. ಬೇಕಿದ್ದರೆ ಅಳತೆ ತೆಗೆದು ರಾತ್ರಿಗೆ ಸ್ಪ್ಲಿಂಟ್ (ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಮಾಡಿಕೊಡುತ್ತಾರೆ. ನೋವಿನ ಮಾತ್ರೆ ಮಾತ್ರ ನೀವೇ ಬರೆದುಕೊಳ್ಳಬೇಡಿ.

ಬಾಯಿಗೆ ನಿಮ್ಮ ಮೂರು ಬೆರಳು ಹೋಗದಿದ್ದರೆ, ದವಡೆ ಸಿಕ್ಕಿಹಾಕಿಕೊಂಡರೆ, ಊತ ಬಂದರೆ ಅಥವಾ ಹಲ್ಲು ಕೂಡುವ ರೀತಿ ದಿಢೀರನೆ ಬದಲಾದರೆ ಅವತ್ತೇ ಹೋಗಿ. ಇಂಟರ್ನಲ್ಸ್ ಮುಗಿಯಲಿ ಅಂತ ಕಾಯಬೇಡಿ.