ಅಂಕಿ ಸರಿ, ಆದರೆ ಯಾವ ಊರಿನದು?

ನಮಸ್ಕಾರ.

ಜಿಲ್ಲೆ ಜಿಲ್ಲೆಗಳ ಆರೋಗ್ಯದ ಅಂಕಿ ಹೋಲಿಸಿ ನೀವು ಕಳಿಸಿದ ‘ಯಾದಗಿರಿಯ ಮಗು, ಉಡುಪಿಯ ಮಗು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಎರಡನೇ ಪುಟದಲ್ಲಿ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಶಿಶು ಮರಣ ದರ ಕೊಟ್ಟು, ಪಕ್ಕದಲ್ಲಿ ಎಸ್‌ಆರ್‌ಎಸ್ ಎಂದು ಬರೆದಿದ್ದೀರಿ. ಎಲ್ಲಿ ಸಿಕ್ಕಿತು ಇದು? ಎಸ್‌ಆರ್‌ಎಸ್, ಅಂದರೆ ಆಯ್ದ ಊರುಗಳಲ್ಲಿ ಜನನ ಮರಣ ಎಣಿಸುವ ಕೇಂದ್ರದ ಮಾದರಿ ನೋಂದಣಿ ವ್ಯವಸ್ಥೆ, ತಾಲೂಕು ಹಾಗಿರಲಿ, ಜಿಲ್ಲೆಗೂ ಈ ದರ ಕೊಡುವುದಿಲ್ಲ. ರಾಜ್ಯಕ್ಕೆ ಕೊಡುತ್ತದೆ, ಹಳ್ಳಿ ಪಟ್ಟಣ ಬೇರೆ ಮಾಡಿ ತೋರಿಸುತ್ತದೆ. 2020ರಲ್ಲಿ ಕರ್ನಾಟಕದ್ದು ಸಾವಿರ ಜನನಕ್ಕೆ 19. ಉಡುಪಿಯೂ ಅದರೊಳಗೇ, ಯಾದಗಿರಿಯೂ ಅದರೊಳಗೇ. ನೀವು ಏನೋ ಗುಣಾಕಾರ ಮಾಡಿ ಅದನ್ನು ತಾಲೂಕಿಗೆ ಇಳಿಸಿದ್ದೀರಿ ಅಂತ ನನ್ನ ಅನುಮಾನ. ದಯವಿಟ್ಟು ತೆಗೆಯಿರಿ. ಆ ತಾಲೂಕಿನ ದರ ಈ ವ್ಯವಸ್ಥೆಯ ಹತ್ತಿರ ಇಲ್ಲವೇ ಇಲ್ಲ ಅಂತ ಬರೆದರೆ ಓದುಗರು ಇನ್ನೂ ಬೆಚ್ಚುತ್ತಾರೆ.

ಇನ್ನು ಕಲಬುರಗಿ ‘ಸುಧಾರಿಸಿದೆ’ ಎಂಬ ಮಾತು. 2007-08ರ ಜಿಲ್ಲಾ ಸಮೀಕ್ಷೆಯನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪಕ್ಕ ಇಟ್ಟಿದ್ದೀರಿ. ನಡುವೆ, 2009ರ ಕೊನೆಗೆ, ಯಾದಗಿರಿ ಬೇರೆ ಜಿಲ್ಲೆಯಾಯಿತು. ಮೊದಲಿನ ಗುಲ್ಬರ್ಗದಲ್ಲಿ ಶಹಾಪುರ, ಸುರಪುರ ಇದ್ದವು, ನಂತರದ್ದರಲ್ಲಿ ಇಲ್ಲ. ಬಡ ತಾಲೂಕುಗಳು ಆಚೆ ಹೋದ ಮೇಲೆ ಉಳಿದ ಜಿಲ್ಲೆ ಸುಮ್ನೆ ಕೂತರೂ ಚೆನ್ನಾಗಿ ಕಾಣುತ್ತದೆ, ಅಲ್ವಾ? ಬಳ್ಳಾರಿ ಅಂಕಿಗೂ ಇದೇ ಎಚ್ಚರ ಬೇಕು. ಆ ಕುಟುಂಬ ಸಮೀಕ್ಷೆ ನಡೆದಾಗ ವಿಜಯನಗರ ಜಿಲ್ಲೆ ಆಗಿರಲಿಲ್ಲ, ಹೊಸಪೇಟೆ ಇನ್ನೂ ಬಳ್ಳಾರಿಯಲ್ಲೇ ಇತ್ತು.

ಅದೇ ಸಮೀಕ್ಷೆಯಿಂದ ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಕೊಟ್ಟ ಶೇಕಡಾವಾರು ಎತ್ತಿಕೊಂಡಿದ್ದೀರಿ. ಮೂಲದಲ್ಲಿ ಆ ಅಂಕಿ ಆವರಣ ಚಿಹ್ನೆಯೊಳಗೆ (ಬ್ರಾಕೆಟ್‌ನಲ್ಲಿ) ಇದೆ, ನೀವು ಆವರಣ ಬಿಟ್ಟಿದ್ದೀರಿ. ಅದು ಅಲಂಕಾರಕ್ಕೆ ಹಾಕಿದ್ದಲ್ಲ. 25ರಿಂದ 49 ಮಕ್ಕಳ ಮೇಲೆ ಮಾತ್ರ ನಿಂತ ಅಂಕಿ ಅಂತ ಅದರರ್ಥ. 25ಕ್ಕಿಂತ ಕಡಿಮೆ ಇದ್ದರೆ ಅಂಕಿಯೇ ಇರುವುದಿಲ್ಲ, ನಕ್ಷತ್ರ ಗುರುತು ಹಾಕಿ ಬಿಡುತ್ತಾರೆ. ಒಂದೆರಡು ತಾಯಂದಿರ ಉತ್ತರ ಬದಲಾದರೂ ಅಲ್ಲಾಡುವ ಅಂಕಿಯನ್ನು ನೀವು ಉಪಶೀರ್ಷಿಕೆಗೆ ಏರಿಸಿದ್ದೀರಿ.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿಯ ಪ್ಯಾರಾ ಇರಲಿ. 2002ರಲ್ಲೇ 175 ತಾಲೂಕುಗಳನ್ನು ಒಂದೊಂದಾಗಿ ಅಳೆದು 114 ಹಿಂದುಳಿದಿವೆ ಅಂದ ವರದಿ ಅದು. ಆದರೆ ಆರೋಗ್ಯದಲ್ಲಿ ಅವರು ಎಣಿಸಿದ್ದು ವೈದ್ಯರನ್ನು, ಹಾಸಿಗೆಗಳನ್ನು. ಹಾಸಿಗೆ ಎಷ್ಟಿದೆ ಅಂದರೆ ಜನ ಹೇಗಿದ್ದಾರೆ ಅಂತ ಆಗಲಿಲ್ಲ. ಆ ಒಂದು ಸಾಲು ಸೇರಿಸಿ.

ಈಗ ನಾಲ್ಕನೇ ಪುಟ. ಹಳ್ಳಿಯ ಆರೋಗ್ಯ ಉಪಕೇಂದ್ರದ ಸಿಸ್ಟರ್ (ನರ್ಸ್) ತಮ್ಮ ರಿಜಿಸ್ಟರ್ ತಿರುವಿ ತೋರಿಸಿದ್ದು, ಗರ್ಭಿಣಿಯರ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ‘ತವರಿಗೆ’, ‘ಗುಳೆ’ ಅಂತ ಇದ್ದದ್ದು. ಇಷ್ಟು ಒಳ್ಳೆಯ ಸಂಗತಿಯನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದೀರಲ್ಲ! ಲೇಖನ ಇರುವುದೇ ಅಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಮಗು ತವರಿನ ಲೆಕ್ಕಕ್ಕೆ ಸೇರುತ್ತದೆ, ಏಕೆಂದರೆ 1969ರ ಕಾಯ್ದೆ ಪ್ರಕಾರ ಜನನವಾಗಲಿ ಮರಣವಾಗಲಿ ನಡೆದ ಜಾಗದಲ್ಲೇ ನೋಂದಣಿ. ಯಾದಗಿರಿಯ ಹಸುಗೂಸನ್ನು ಕಲಬುರಗಿಯ ದೊಡ್ಡಾಸ್ಪತ್ರೆಗೆ ಒಯ್ದು, ಅಲ್ಲಿ ಉಳಿಯದಿದ್ದರೆ, ಆ ಸಾವು ಕಲಬುರಗಿಯದಾಗುತ್ತದೆ. ಗುಳೆ ಹೋದವರ ಕಥೆ ಇನ್ನೂ ಕಷ್ಟ. ಕುಟುಂಬ ಸಮೀಕ್ಷೆಯವರು ಮಾತಾಡಿಸುವುದು ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದ ಹೆಂಗಸರನ್ನು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಮಲಗಿದವಳ ಊರಿನ ಮನೆಗೆ ಬೀಗ. ಯಾರ ಆರೋಗ್ಯ ಕೆಟ್ಟಿದೆಯೋ ಅವರೇ ಪಟ್ಟಿಯಲ್ಲಿಲ್ಲ.

ಈ ರಿಜಿಸ್ಟರ್‌ನಿಂದ ಶುರು ಮಾಡಿ. ಮೊದಲ ಪುಟದ ‘ಆರೋಗ್ಯವೇ ಭಾಗ್ಯ’ ಪೀಠಿಕೆ ಪೂರ್ತಿ ಹೊಡೆದುಹಾಕಿ. ಪ್ರತಿ ಅಂಕಿಯ ಜೊತೆ ವರ್ಷ ಮತ್ತು ಅದು ರಾಜ್ಯದ್ದೋ ಜಿಲ್ಲೆಯದ್ದೋ ಅಂತ ಬರೆಯಿರಿ. ಅಂಕಿಗಳು ಐದಾರು ಸಾಕು, ಈಗ ಇಪ್ಪತ್ತಕ್ಕಿಂತ ಜಾಸ್ತಿ ಇವೆ.

ಆ ಸಿಸ್ಟರ್ ಹೆಸರು, ಉಪಕೇಂದ್ರದ ಹೆಸರು ಎರಡನ್ನೂ ತೆಗೆದು ಕಳಿಸಿ. ರಿಜಿಸ್ಟರ್ ತೋರಿಸಿದ ತಪ್ಪಿಗೆ ಅವರಿಗೆ ಮೇಲಿನವರಿಂದ ನೋಟಿಸ್ ಬರುವುದು ಬೇಡ.

ಇಂತಿ,
ಸಂಪಾದಕ